ಗ್ರಾಫಿಕ್ಸ್ ಕಾರ್ಡ್ ಪಕ್ಷಾಂತರ ಮೀಮಾಂಸೆ

ಬಿಡುವಿದ್ದಾಗ ಒಂದೆರಡು ಗಂಟೆ ಪಿಸಿಯಲ್ಲಿ ಗೇಮ್ ಆಡುವ ಗೃಹಸ್ಥನು ಎನ್ವಿಡಿಯಾ ಬಿಟ್ಟು ಎಎಂಡಿಗೆ ಹೋದರೆ, ಅಥವಾ ಎಎಂಡಿ ಬಿಟ್ಟು ಎನ್ವಿಡಿಯಾಕ್ಕೆ ಬಂದರೆ ಅದು ದ್ರೋಹವೋ ಅಲ್ಲವೋ ಎಂಬುದನ್ನು ಶಾಸ್ತ್ರಕಾರರು ಇದುವರೆಗೆ ವಿಚಾರಿಸಿಲ್ಲ. ವಾದವೆಲ್ಲ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕದಲ್ಲೇ ಮುಗಿದುಹೋಗಿ, ಧರ್ಮಸೂಕ್ಷ್ಮ ಹಾಗೇ ಉಳಿದಿದೆ. ಒಂದು ಬಣಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಎರಡಕ್ಕೂ ಜೈಕಾರ ಹಾಕುವ ಅಭಿಮಾನಿ ಬಳಗ. ಇಷ್ಟೆಲ್ಲ ಇದ್ದಮೇಲೆ ವಿಷಯ ರಾಜ್ಯಶಾಸ್ತ್ರದ್ದು ಎನ್ನಲು ಬೇರೆ ಪುರಾವೆ ಬೇಕಿಲ್ಲ. ಆದಕಾರಣ ಪ್ರಸ್ತುತ ಪ್ರಬಂಧವು ತನ್ನ ಪ್ರಮಾಣಗಳನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಚುನಾವಣಾ ಫಲಿತಾಂಶಗಳಿಂದ ಆಯ್ದುಕೊಳ್ಳುತ್ತದೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಉಳಿದ ಮೂರನ್ನು ಬಿಟ್ಟದ್ದೇಕೆಂದರೆ, ಅವು ಸಿದ್ಧಾಂತಕ್ಕೆ ಒಗ್ಗಲಿಲ್ಲ. ಒಗ್ಗದ ಸಾಕ್ಷ್ಯವನ್ನು ಕೈಬಿಡುವುದು ಸಂಶೋಧನೆಯ ಹಳೆಯ ರೂಢಿ.

ಮೊದಲು ಕಾನೂನು. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿದ್ದು 1985ರಲ್ಲಿ, 52ನೇ ತಿದ್ದುಪಡಿಯ ಮೂಲಕ. ರೇಡಿಯಾನ್ ವಂಶದ ಮೂಲಪುರುಷನಾದ ಎಟಿಐ ಕಂಪನಿ ಕೆನಡಾದಲ್ಲಿ ಹುಟ್ಟಿದ್ದೂ 1985ರಲ್ಲೇ. ಇದು ಕಾಕತಾಳೀಯ ಎನ್ನುವವರು ಮುಂದಿನದಕ್ಕೆ ಉತ್ತರ ಹೇಳಬೇಕು. ಶಾಸಕರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದರೆ ವಿಲೀನಕ್ಕೆ ಅನುಸೂಚಿಯಲ್ಲಿ ವಿನಾಯಿತಿಯಿದೆ. 2006ರಲ್ಲಿ ಎಎಂಡಿ ಎಟಿಐಯನ್ನು ಕೊಂಡಾಗ ಎಟಿಐ ಅಭಿಮಾನಿಗಳೆಲ್ಲ ಕೂತಲ್ಲೇ ಎಎಂಡಿ ಅಭಿಮಾನಿಗಳಾದರು, ಒಬ್ಬರ ಸದಸ್ಯತ್ವವೂ ಹೋಗಲಿಲ್ಲ. 2008ರ ಮರುವಿಂಗಡಣೆಯಲ್ಲಿ ಪಾಂಡವಪುರ ಕ್ಷೇತ್ರ ಮೇಲುಕೋಟೆ ಎನಿಸಿಕೊಂಡಿತು. 2010ರಲ್ಲಿ ಎಟಿಐ ರೇಡಿಯಾನ್ ಎಎಂಡಿ ರೇಡಿಯಾನ್ ಎನಿಸಿಕೊಂಡಿತು. ಇನ್ನು ಮುಖ್ಯ ಸಂಗತಿ: ಆ ಕಾನೂನು ಕಟ್ಟಿಹಾಕುವುದು ಪಕ್ಷದ ಟಿಕೆಟ್ ಪಡೆದು ಗೆದ್ದವರನ್ನು. ಈ ಲೋಕದಲ್ಲಿ ಟಿಕೆಟ್ ಪಡೆದವರೆಂದರೆ ಕಂಪನಿ ಕಳಿಸಿದ ಕಾರ್ಡಿನ ಗುಣಗಾನ ಮಾಡುವ ಯೂಟ್ಯೂಬರ್ ಮತ್ತು ಪ್ರಾಯೋಜಕರ ಅಂಗಿ ತೊಟ್ಟು ಟೂರ್ನಿ ಆಡುವ ವೃತ್ತಿಪರ. ಸ್ವಂತ ದುಡ್ಡು ಹಾಕಿ ಕಾರ್ಡು ತರುವ ಸಾಮಾನ್ಯ ಗೇಮರ್ ಅಭ್ಯರ್ಥಿಯೇ ಅಲ್ಲ, ಬರೀ ಮತದಾರ. ಹೋದ ಸಲ ಒತ್ತಿದ ಗುಂಡಿಯನ್ನೇ ಈ ಸಲವೂ ಒತ್ತಬೇಕೆಂದು ಮತದಾರನಿಗೆ ಯಾವ ಅನುಸೂಚಿಯೂ ವಿಧಿಸಿಲ್ಲ. ಇದೇ ನಮ್ಮ ಸಿದ್ಧಾಂತ.

ಇದಕ್ಕೆ ನಾಗಮಂಗಲ ಮೊದಲ ಪ್ರಮಾಣ. ಅಲ್ಲಿ 2008ರಲ್ಲಿ ಕಾಂಗ್ರೆಸ್ಸಿನ ಸುರೇಶ್‌ಗೌಡರು ಗೆದ್ದರು, 2013ರಲ್ಲಿ ಜೆಡಿಎಸ್‌ನ ಚಲುವರಾಯಸ್ವಾಮಿಯವರು. 2018ರ ಹೊತ್ತಿಗೆ ಇಬ್ಬರೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡಿದ್ದರು: ಜೆಡಿಎಸ್‌ನಿಂದ ಸುರೇಶ್‌ಗೌಡರು ಗೆದ್ದರು, 2023ರಲ್ಲಿ ಕಾಂಗ್ರೆಸ್ಸಿನಿಂದ ಚಲುವರಾಯಸ್ವಾಮಿಯವರು. ಚಿಹ್ನೆ ಅತ್ತಿತ್ತ ಆದರೂ ಪೈಪೋಟಿ ಅದೇ, ಸರದಿಯೂ ಅದೇ. ಕಾರ್ಡುಗಳಲ್ಲೂ ಡಬ್ಬದ ಮೇಲಿನ ಚಿಹ್ನೆಗೆ ಇದಕ್ಕಿಂತ ಹೆಚ್ಚಿನ ತೂಕವಿಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿ, ಎಎಂಡಿಯ ಆರ್‌ಎಕ್ಸ್ 7000 ಸರಣಿ, ಇಂಟೆಲ್‌ನ ಆರ್ಕ್ ಮೂರರ ಚಿಪ್ಪೂ ತಯಾರಾಗುವುದು ತೈವಾನಿನ ಟಿಎಸ್‌ಎಂಸಿಯಲ್ಲಿ. ಎನ್ವಿಡಿಯಾದ ಜೆನ್ಸನ್ ಹುವಾಂಗ್, ಎಎಂಡಿಯ ಲಿಸಾ ಸು ಇಬ್ಬರೂ ತೈವಾನಿನಲ್ಲಿ ಹುಟ್ಟಿದವರು, ಸಾಲದ್ದಕ್ಕೆ ದೂರದ ನೆಂಟರು. ನೆಂಟರಿಬ್ಬರು ಎದುರುಬದುರು ಕಣಕ್ಕಿಳಿದಾಗ ಊರವರು ಯಾರ ಪರ ತಲೆ ಒಡೆದುಕೊಳ್ಳಬೇಕು ಎಂಬುದಕ್ಕೆ ಮಂಡ್ಯ ಸೀಮೆಯಲ್ಲಿ ಪಾಠ ಹೇಳಬೇಕಾದ್ದಿಲ್ಲ.

ಎರಡನೆಯ ಪ್ರಮಾಣ ಶ್ರೀರಂಗಪಟ್ಟಣ. ಜೆಡಿಎಸ್‌ನಿಂದ ಎರಡು ಸಲ ಗೆದ್ದಿದ್ದ ರಮೇಶ ಬಂಡಿಸಿದ್ದೇಗೌಡರು ಕಾಂಗ್ರೆಸ್ಸಿಗೆ ಹೋಗಿ 2018ರಲ್ಲಿ ಸೋತರು, 2023ರಲ್ಲಿ ಅದೇ ಪಕ್ಷದಿಂದ ಗೆದ್ದರು. ಹೊಸ ಪಕ್ಷ ಮೈಗೆ ಹತ್ತಲು ಒಂದು ಅವಧಿ ಬೇಕೆಂಬುದು ಇದರ ತಾತ್ಪರ್ಯ. 2022ರಲ್ಲಿ ಬಂದ ಆರ್ಕ್ ಕಾರ್ಡುಗಳು ಹಳೆಯ ಡೈರೆಕ್ಟ್‌ಎಕ್ಸ್ 9 ಗೇಮುಗಳಲ್ಲಿ ಮೊದಮೊದಲು ಮುಗ್ಗರಿಸಿ, ಡ್ರೈವರ್ ಅಪ್‌ಡೇಟ್ ಬಂದಂತೆಲ್ಲ ಸುಧಾರಿಸಿದ್ದು ಇದಕ್ಕೆ ಭಾಷ್ಯ. ಕೆ.ಆರ್. ಪೇಟೆಯದು ಇದಕ್ಕೆ ವಿಲೋಮ. ಜೆಡಿಎಸ್ ತೊರೆದು ಬಿಜೆಪಿ ಸೇರಿದ ನಾರಾಯಣಗೌಡರು 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಕೂಡಲೇ ಗೆದ್ದರು. 2023ರಲ್ಲಿ ಕ್ಷೇತ್ರ ಜೆಡಿಎಸ್‌ನ ಎಚ್.ಟಿ. ಮಂಜು ಅವರ ಪಾಲಾಯಿತು. ಒಮ್ಮೆ ಬಂದ ಗಿರಾಕಿ ಕಾಯಂ ಎಂದು ಯಾವ ಕಂಪನಿಯೂ ನಂಬಬಾರದು. ಇನ್ನು ಪಾಂಡವಪುರ ಸೀಮೆ ದೊಡ್ಡ ಪಕ್ಷಗಳ ನಡುವೆ ರೈತಸಂಘದ ಹಸಿರು ಶಾಲಿಗೂ ಜಾಗ ಕೊಟ್ಟದ್ದು. ಮೇಲುಕೋಟೆಯಲ್ಲಿ 2013ರಲ್ಲಿ ಕೆ.ಎಸ್. ಪುಟ್ಟಣ್ಣಯ್ಯನವರೂ 2023ರಲ್ಲಿ ಅವರ ಮಗ ದರ್ಶನ್ ಪುಟ್ಟಣ್ಣಯ್ಯನವರೂ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು. 2024ರ ಡಿಸೆಂಬರಿನಲ್ಲಿ ಇಂಟೆಲ್ 12 ಜಿಬಿ ಮೆಮೊರಿಯ ಬಿ580 ಕಾರ್ಡನ್ನು 249 ಡಾಲರಿಗೆ ತಂದಿತು. 299 ಡಾಲರಿನ ಆರ್‌ಟಿಎಕ್ಸ್ 4060ರಲ್ಲಿದ್ದದ್ದು 8 ಜಿಬಿ. ಮೂರನೆಯವನು ಗೆಲ್ಲಲಿ ಬಿಡಲಿ, ಅವನು ಕಣದಲ್ಲಿದ್ದರೆ ಮಿಕ್ಕಿಬ್ಬರು ಮತದಾರನ ಮನೆ ಬಾಗಿಲಿಗೆ ಬರುತ್ತಾರೆ.

ಈಗ ಪೂರ್ವಪಕ್ಷ. ಫ್ರೇಮ್ ಹೆಚ್ಚಿಸಿಕೊಡುವ ಡಿಎಲ್‌ಎಸ್‌ಎಸ್‌ನಂಥ ಸೌಲಭ್ಯ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಮಾತ್ರ ಸಿಗುವಾಗ ಅದನ್ನು ತೊರೆಯುವುದು ಅವಿವೇಕವಲ್ಲವೇ ಎಂಬುದು ಮೊದಲ ಆಕ್ಷೇಪ. ಸಮಾಧಾನಕ್ಕೆ ಮತ್ತೆ ಮೇಲುಕೋಟೆಗೇ ಹೋಗಬೇಕು. ಶ್ರೀವೈಷ್ಣವರಲ್ಲಿ ತೆಂಗಲೆಯವರದು ಮಾರ್ಜಾಲ ನ್ಯಾಯ, ತಾಯಿಬೆಕ್ಕೇ ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ; ವಡಗಲೆಯವರದು ಮರ್ಕಟ ನ್ಯಾಯ, ಮರಿಯೇ ತಾಯಿಯನ್ನು ಅವಚಿಕೊಳ್ಳಬೇಕು. ತನ್ನ ಮರಿಗಳನ್ನಷ್ಟೇ ಎತ್ತಿಕೊಳ್ಳುವ ಡಿಎಲ್‌ಎಸ್‌ಎಸ್ ಮಾರ್ಜಾಲ ಪಂಥದ್ದು. 2021ರಲ್ಲಿ ಎಎಂಡಿ ತಂದ ಅಂಥದೇ ಸೌಲಭ್ಯವಾದ ಎಫ್‌ಎಸ್‌ಆರ್ ಎದುರಾಳಿಯ ಕಾರ್ಡಿನಲ್ಲೂ ನಡೆಯುತ್ತಿತ್ತು, ಅವಚಿಕೊಂಡವರಿಗೆಲ್ಲ ಆಶ್ರಯ. ಆದರೆ 2025ರಲ್ಲಿ ಎಫ್‌ಎಸ್‌ಆರ್ 4 ಬಿಡುಗಡೆ ಮಾಡುವಾಗ ಎಎಂಡಿ ಅದನ್ನು ತನ್ನ ಹೊಸ ಆರ್‌ಎಕ್ಸ್ 9000 ಕಾರ್ಡುಗಳಿಗೆ ಮೀಸಲಿಟ್ಟು ತಾನೇ ಮಾರ್ಜಾಲ ಪಂಥಕ್ಕೆ ದಾಟಿತು. ಅತ್ತ ಎನ್ವಿಡಿಯಾ 2013ರಿಂದ ಪರದೆಯ ವೇಗವನ್ನು ಫ್ರೇಮಿಗೆ ಹೊಂದಿಸುವ ಜಿ-ಸಿಂಕ್‌ಗೆ ಪ್ರತ್ಯೇಕ ಮಾನಿಟರ್ ಬೇಕೆನ್ನುತ್ತಿದ್ದುದು, 2019ರಲ್ಲಿ ಫ್ರೀಸಿಂಕ್ ಬಗೆಯ ಮಾನಿಟರುಗಳಿಗೂ ಬಾಗಿಲು ತೆರೆಯಿತು. ಪಕ್ಷಗಳೇ ಸಿದ್ಧಾಂತ ಬದಲಿಸುತ್ತಿರುವಾಗ ಮತದಾರನೊಬ್ಬನೇ ಪತಿವ್ರತೆಯಾಗಿರಬೇಕೆಂಬುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ, ಶಾಸಕರು ಅಧಿಕಾರಕ್ಕಾಗಿ ಪಕ್ಷ ಬಿಟ್ಟರೆಂಬ ಅಪವಾದ ಗೇಮರನಿಗೂ ತಟ್ಟುತ್ತದೆ ಎಂಬುದು. ತಟ್ಟಲಿ, ಆದರೆ ಅವನಿಗೆ ಬೇಕಾದ ಅಧಿಕಾರ ವ್ಯಾಟ್‌ಗಳದ್ದು. ಆರ್‌ಎಕ್ಸ್ 6600 ಎಳೆಯುವುದು 132 ವ್ಯಾಟ್, ಆರ್‌ಟಿಎಕ್ಸ್ 3060 ಎಳೆಯುವುದು 170. ಹಳೆಯ ಪವರ್ ಸಪ್ಲೈ ಯಾವುದನ್ನು ತಡೆದೀತು, ಮಾನಿಟರ್ ಯಾವುದಕ್ಕೆ ಒಗ್ಗೀತು, ತಾನಾಡುವ ನಾಲ್ಕು ಗೇಮಿಗೆ ಯಾವುದು ಸಾಕು, ಜೇಬಿನಲ್ಲಿ ಎಷ್ಟಿದೆ ಎಂದು ನೋಡಿ ನಿರ್ಧರಿಸುವವನನ್ನು ಅವಕಾಶವಾದಿ ಎಂದು ಕರೆದರೆ, ಮನೆ ಮುಂದಿನ ರಸ್ತೆ ನೋಡಿ ಮತ ಹಾಕುವವನನ್ನೂ ಹಾಗೇ ಕರೆಯಬೇಕಾಗುತ್ತದೆ.

ಕೊನೆಗೆ ವಿಧಿ. ಪಕ್ಷಾಂತರಕ್ಕೆ ಮುನ್ನ ಸೇಫ್ ಮೋಡ್‌ಗೆ ಹೋಗಿ ಡಿಡಿಯು ತಂತ್ರಾಂಶದಿಂದ ಹಳೆಯ ಡ್ರೈವರ್ ಕಿತ್ತುಹಾಕತಕ್ಕದ್ದು. ಹಿಂದಿನ ಪಕ್ಷದ ಫ್ಲೆಕ್ಸ್ ಇಳಿಸದೆ ಹೊಸದನ್ನು ಕಟ್ಟಿದರೆ ಗಲಾಟೆ ಖಚಿತ. ಬಳಿಕ ನಿಶ್ಚಿಂತೆಯಿಂದ ಆಡತಕ್ಕದ್ದು. ಒಂದೇ ಒಂದು ಕಡೆ ನಮ್ಮ ಉಪಮಾನ ಕುಂಟುತ್ತದೆಂದು ಒಪ್ಪಲೇಬೇಕು. ಕಾರ್ಡಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ. ಅಷ್ಟರೊಳಗೆ ಅದು ಕೈಕೊಟ್ಟರೆ ವಾಪಸು ಕಳಿಸಿ ಬೇರೆಯದನ್ನು ಕೇಳಬಹುದು. ನಾಲ್ಕು ತಾಲ್ಲೂಕಿನ ಮತದಾರರಿಗೆ ಸಂವಿಧಾನ ಈ ಸೌಲಭ್ಯವನ್ನು ಇನ್ನೂ ಕೊಟ್ಟಿಲ್ಲ.