ಹೊಯ್ಗಿ ಕಾಂಬುಕೆ ಹೊರಟವರು

ಬೈಂದೂರು ಕಡೆಯ ಬಿಜೂರಿನಿಂದ ಜೈಸಲ್ಮೇರಿಗೆ ರಸ್ತೆಯಲ್ಲಿ ಸುಮಾರು 1900 ಕಿಲೋಮೀಟರು. ಅಲ್ಲಿ ಸಿಗುವುದು ಹೊಯ್ಗಿ, ಅಂದರೆ ಮರಳು. ಮನೆಯಿಂದ ಪಡುವಣಕ್ಕೆ ನಡೆದರೂ ಸಿಗುವುದು ಹೊಯ್ಗಿಯೇ. ಆದರೂ ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಕಾರಿರುವ ಗೃಹಸ್ಥ ಕುಚ್ಚಲಕ್ಕಿ, ಒಣಸಿಗಡಿ ಚಟ್ನಿ, ನಾಲ್ಕು ತೆಂಗಿನಕಾಯಿ ಡಿಕ್ಕಿಗೆ ತುಂಬಿ ಹೊರಟೇಬಿಡುತ್ತಾನೆ. "ಹೊಯ್ಗಿ ಕಾಂಬುಕೆ ಅಷ್ಟ್ ದೂರ ಹೋಯ್ಕಾ ಮಾರಾಯಾ?" ಎಂದು ಕೇಳುವವರಿಗೆ ಅವನು ಅರ್ಥವಾಗಿಲ್ಲ. ಮರಳುಗಾಡು ಅವನಿಗೊಂದು ನೆಪ. ತನ್ನ ಊರು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರಬೇಕು, ಅಷ್ಟೇ. ಕಾರವಾರದಲ್ಲಿ ಅದು ಮುಗಿಯುವುದಿಲ್ಲ, ಅಲ್ಲಿಯ ದೋಣಿ ಗಂಗೊಳ್ಳಿಯದೇ. ರತ್ನಾಗಿರಿಯಲ್ಲೂ ಇಲ್ಲ, ಕಂಪೌಂಡ್ ಗೋಡೆ ನೋಡಿ "ಇದ್ ನಮ್ ಮುರ್ಕಲ್ಲೇ" ಎನ್ನುತ್ತಾನೆ. ಮನೆಯೆದುರಿನ 66ನೇ ನಂಬರಿನ ಹೆದ್ದಾರಿ ಪನ್ವೇಲಿನಲ್ಲಿ ಮುಗಿದಾಗ ಮಾತ್ರ ಸ್ವಲ್ಪ ಮಂಕಾಗುತ್ತಾನೆ. ಗುಜರಾತಿನ ಬಯಲಲ್ಲಿ ಹೋಲಿಸಲು ಏನೂ ಸಿಗದೆ ಮೈಲೇಜ್ ಲೆಕ್ಕ ಹಾಕುತ್ತಾನೆ. ಜೈಸಲ್ಮೇರಿನ ಹಳದಿಕಲ್ಲಿನ ಮನೆಗಳಿಗೆ ಇಳಿಜಾರು ಮಾಡೇ ಇಲ್ಲವೆಂದು ಕಂಡಾಗ ಕಾರು ನಿಲ್ಲಿಸಿ ಕೇಳುತ್ತಾನೆ: "ಇವ್ರ್ ಮಳ್ಗಾಲಕ್ಕೆ ಎಂತ ಮಾಡ್ತ್ರ್?" ಬಿಜೂರು ಮುಗಿದದ್ದು ಅಲ್ಲಿ.

ಎಲ್ಲವನ್ನೂ ಊರಿಗೆ ಹೋಲಿಸುವವನು ಏನನ್ನು ನೋಡಿದಂತಾಯಿತು ಎಂಬ ಆಕ್ಷೇಪವಿದೆ. ಆದರೆ ಒಂಟೆಯ ಜೊತೆ ಸೆಲ್ಫಿ ತೆಗೆದು ಮರಳಿದವರಲ್ಲಿ ಎಷ್ಟು ಮಂದಿ ಆ ಮಾಡನ್ನು ಗಮನಿಸಿದರು? ಅಲ್ಲಿ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರು ಮುಟ್ಟಿದರೆ ದೊಡ್ಡದು. ಬೈಂದೂರು ಕಡೆ ಆಷಾಢದ ಒಂದೇ ದಿನ ಅಷ್ಟನ್ನು ಸುರಿದುಬಿಡುವುದುಂಟು. ಈ ಅಂತರ ಅವನ ಪೆದ್ದು ಪ್ರಶ್ನೆಯೊಳಗೇ ಇದೆ. ಇನ್ನು ರೈಲಿನಲ್ಲಿ ಹೋಗಬಹುದಿತ್ತಲ್ಲ ಎಂಬುದು ಖರ್ಚಿನ ಮಾತು. ಎರ್ನಾಕುಳಂನಿಂದ ಅಜ್ಮೀರಕ್ಕೆ ಹೋಗುವ ಮರುಸಾಗರ್ ಎಕ್ಸ್‌ಪ್ರೆಸ್ ಬಿಜೂರು ನಿಲ್ದಾಣವನ್ನು ಹಾದೇ ಹೋಗುತ್ತದೆ, ಹೆಸರಿನಲ್ಲೇ ಮರಳೂ ಕಡಲೂ ಎರಡೂ ಇವೆ. ಆದರೆ ಅದು ಇಲ್ಲಿ ನಿಲ್ಲುವುದಿಲ್ಲ. ನಿಂತರೂ ಪ್ರಯೋಜನವಿಲ್ಲ: ಮಾಡು ಕಂಡಲ್ಲಿ ಇಳಿದು ಕೇಳಲಾಗದು, ಹಬ್ಬದ ಮನೆಯಲ್ಲಿ "ಅಷ್ಟೂ ದೂರ ನಾನೇ ಬಿಟ್ಟದ್ದ್" ಎಂದು ಹೇಳಲೂ ಆಗದು.

ಅವನ ತಪ್ಪು ಒಂದೇ. ಕರಾವಳಿಯವರ ಕಪಾಟಿನಲ್ಲಿ ಕೊಡೆ ನಾಲ್ಕಿರುತ್ತವೆ, ಸ್ವೆಟರ್ ಒಂದೂ ಇರುವುದಿಲ್ಲ. ಜೈಸಲ್ಮೇರಿನ ಹತ್ತಿರದ ಸಮ್ ಮರಳುದಿಬ್ಬಗಳ ಚಳಿ ಜನವರಿಯ ರಾತ್ರಿ 10 ಡಿಗ್ರಿಗೂ ಕೆಳಗಿಳಿಯುತ್ತದೆ. ಇವನು ಹೊದ್ದುಕೊಳ್ಳುವುದು ಕಾರಿನ ಸೀಟಿಗೆ ಹಾಸಿದ್ದ ಬೈರಾಸು. ಈ ಸಲ ನಿಮ್ಮ ನೆರೆಯವರು ಯಾರಾದರೂ ಹೊರಟರೆ, ಹೊಯ್ಗಿಯ ಮಾತು ಎತ್ತದೆ ಸ್ವೆಟರ್ ಇದ್ದರೆ ಕೊಟ್ಟುಬಿಡಿ.