ಜಲಪಟಲ ವರ್ಣಾವತರಣ: ಗಿರಾವೀನ್ ದ್ವಿಚಕ್ರ ಸಂಸ್ಕೃತಿಯ ಬಹುಶಿಸ್ತೀಯ ಅಧ್ಯಯನದತ್ತ ಕೆಲವು ಪ್ರಾಥಮಿಕ ಟಿಪ್ಪಣಿಗಳು

ಕನ್ನಡದ ಯಾವುದೇ ಸಂಶೋಧನ ಪ್ರಬಂಧ ಕವಿರಾಜಮಾರ್ಗದಿಂದಲೇ ಆರಂಭವಾಗತಕ್ಕದ್ದೆಂಬ ಅಲಿಖಿತ ನಿಯಮಕ್ಕೆ ತಲೆಬಾಗಿ, ಕ್ರಿ.ಶ. 850ರ ಸುಮಾರಿನ ಆ ಗ್ರಂಥದಲ್ಲಿ ಮೋಟಾರ್ ಸೈಕಲ್ಲಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಬಿಸಿಲಿಗೆ ಬಿಳಿಚಿಕೊಳ್ಳುವ ಬಗ್ಗೆ ಒಂದಕ್ಷರವೂ ಇಲ್ಲವೆಂಬುದನ್ನು ಮೊದಲಿಗೇ ದಾಖಲಿಸಬೇಕಾಗಿದೆ. ಇಲ್ಲದ್ದನ್ನು ಇಲ್ಲವೆಂದು ಸುಮ್ಮನಾಗುವುದು ಹಳೆಯ ಕಾಲದ ವಿದ್ವತ್ತು. ಪಠ್ಯದ ಮೌನವೂ ಒಂದು ಪಠ್ಯವೆಂದು ವಿಚಾರ ಸಂಕಿರಣಗಳ ಊಟಕ್ಕೆ ಮುಂಚಿನ ಗೋಷ್ಠಿಯಲ್ಲಿ ತಪ್ಪದೆ ಘೋಷಿಸಲಾಗುತ್ತಿರುವುದರಿಂದ, ನೃಪತುಂಗನ ಆಸ್ಥಾನ ಗಿರಾವೀನ್ ಕುರಿತು ವಹಿಸಿದ ಮೌನದ ಹಿಂದಿನ ಅಧಿಕಾರ ರಾಜಕಾರಣವನ್ನು ಬಗೆಯಲು ಪ್ರತ್ಯೇಕ ಅನುದಾನ ಕೋರಲಾಗುವುದೆಂದಷ್ಟೇ ಇಲ್ಲಿ ಸೂಚಿಸಿ ಮುಂದುವರಿಯಲಾಗಿದೆ.

ಪರಿಭಾಷೆ ಹೀಗಿದೆ. ‘ಜಲಪಟಲ ವರ್ಣಾವತರಣ’ ಎಂದರೆ ಚಿತ್ತಾರ ಅಚ್ಚಾದ ತೆಳು ಹಾಳೆಯನ್ನು ನೀರಿನ ಮೇಲೆ ತೇಲಿಬಿಟ್ಟು, ಅದರ ಮೂಲಕ ವಸ್ತುವನ್ನು ಮುಳುಗಿಸಿ, ಚಿತ್ತಾರವನ್ನು ಅದರ ಮೈಗೆ ಅಂಟಿಸುವ ಕೆಲಸ; ಅದನ್ನು ಮಾಡುವವರು ಹೈಡ್ರೋ ಡಿಪ್ಪಿಂಗ್ ಎನ್ನುತ್ತಾರಾದರೂ, ಮಾಡುವವರ ಮಾತನ್ನೇ ಬಳಸಿದರೆ ಪ್ರಬಂಧಕ್ಕೆ ತೂಕ ಬರುವುದಿಲ್ಲ. ‘ಬಹಿರಂಗ ಅಲೌಹ ಉಪಾಂಗ’ ಎಂದರೆ ಬೈಕಿನ ಬಣ್ಣ ಬಳಿಯದ ಕಪ್ಪು ಪ್ಲಾಸ್ಟಿಕ್, ಅಂದರೆ ಮಡ್‌ಗಾರ್ಡ್, ಸೈಡ್ ಪ್ಯಾನೆಲ್, ಟ್ಯಾಂಕಿನ ಎರಡು ಪಕ್ಕದ ರೆಕ್ಕೆಗಳು ಮತ್ತು ಬೆಂಗಳೂರಿನ ಮೆಕ್ಯಾನಿಕ್ ಡೂಮ್ ಎಂದು ಕರೆಯುವ ಹೆಡ್‌ಲೈಟಿನ ಮುಸುಕು. ‘ಕ್ಷೇತ್ರ’ವೆಂದರೆ ಸಿಡ್ನಿಯ ನಡುಪೇಟೆಯಿಂದ ಪಶ್ಚಿಮಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಪೆಂಡಲ್ ಹಿಲ್ ಮತ್ತು ಟೂಂಗಾಬಿಗಳ ನೆರೆಯಲ್ಲಿರುವ, ಭಾರತದಿಂದ ಹೋದ ಕುಟುಂಬಗಳು ಬಹಳವಾಗಿ ನೆಲೆಸಿರುವ ಗಿರಾವೀನ್ ಬಡಾವಣೆ. ಇಲ್ಲಿನ ಗ್ಯಾರೇಜುಗಳಲ್ಲಿ ಊರಿಗೆ ಹೋಗಿಬರುವ ಸೂಟ್‌ಕೇಸುಗಳು, ಸೋನಾ ಮಸೂರಿಯ ಚೀಲಗಳು ಮತ್ತು ಗಣೇಶನ ಮಂಟಪದ ಥರ್ಮೋಕೋಲ್ ಸ್ಥಿರಾಸ್ತಿಯಂತೆ ಕೂತಿರುವುದರಿಂದ ಬೈಕು ಸಹಜವಾಗಿಯೇ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತದೆ. ಸಮಸ್ಯೆಯ ಉಗಮವೂ ಅಲ್ಲಿಯೇ.

ಈ ಬಿಸಿಲು ಸಾಮಾನ್ಯವಾದುದಲ್ಲ. ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ದಕ್ಷಿಣಾರ್ಧಗೋಳದ ನಡುಬೇಸಿಗೆಯೂ ಆಗಲೇ. ನೇರಳಾತೀತ ಕಿರಣಗಳ ಸೂಚ್ಯಂಕ 11 ಮುಟ್ಟಿದರೆ ವಿಪರೀತವೆಂದು ಲೆಕ್ಕ, ಸಿಡ್ನಿಯಲ್ಲಿ ಬೇಸಿಗೆಯ ಮಧ್ಯಾಹ್ನ ಅದನ್ನು ದಾಟುವುದು ಸರ್ವೇಸಾಮಾನ್ಯ. 2020ರ ಜನವರಿ 4ರಂದು ಅದೇ ಪಶ್ಚಿಮ ಸಿಡ್ನಿಯ ಪೆನ್ರಿತ್‌ನಲ್ಲಿ ಉಷ್ಣಾಂಶ 48.9 ಡಿಗ್ರಿ ತಲುಪಿತ್ತು. ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಹಾಕಿ ಎಂದು 1981ರಿಂದಲೇ ಆ ದೇಶದ ಮನುಷ್ಯರಿಗೆ ಪ್ರಚಾರ ನಡೆದಿದೆಯಾದರೂ ಮಡ್‌ಗಾರ್ಡಿಗೆ ಆ ಸೌಭಾಗ್ಯ ದೊರೆಯಲಿಲ್ಲ. ಬಣ್ಣ ಬಳಿಯದ ಭಾಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನವು. ಅದರ ಅಣುಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದ ಬಳಿ ಸಡಿಲವಾಗಿ ಕೂತ ಹೈಡ್ರೋಜನ್ ಇರುತ್ತದೆ, ನೇರಳಾತೀತ ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಅದನ್ನು ಕಿತ್ತು ಸರಪಳಿಯನ್ನು ತುಂಡರಿಸುತ್ತವೆ, ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರುಕು ಬಿಡುತ್ತದೆ, ಆ ಬಿರುಕುಗಳಲ್ಲಿ ಬೆಳಕು ಚೆದುರಿ ಕಪ್ಪು ಬೂದುಬಣ್ಣವಾಗಿ ಕಾಣುತ್ತದೆ. ಕಪ್ಪು ಎಲ್ಲಿಗೂ ಹೋಗಿರುವುದಿಲ್ಲ, ಅದರ ಮೇಲಿನ ತೊಗಲು ಒಡೆದಿರುತ್ತದೆ, ಅಷ್ಟೆ.

ಈ ಮಬ್ಬನ್ನು ನವರಸಗಳ ಮಾದರಿಯಲ್ಲಿ ಒಂಬತ್ತು ಬಗೆಯಾಗಿ ವಿಂಗಡಿಸುವುದು ಈ ಅಧ್ಯಯನದ ಮುಖ್ಯ ಕೊಡುಗೆ. ಮೊದಲನೆಯದು ‘ಅಂಕುರ ಮಬ್ಬು’: ತೊಳೆದು ಒದ್ದೆ ಇರುವಷ್ಟು ಹೊತ್ತು ಹೊಸದರಂತೆ ಹೊಳೆದು, ಒಣಗಿದ ಕೂಡಲೆ ಬಣ್ಣ ಬಯಲಾಗುವುದು. ಎರಡನೆಯದು ‘ಚೂರ್ಣ ಮಬ್ಬು’: ಬೆರಳಾಡಿಸಿದರೆ ಸೀಮೆಸುಣ್ಣದಂತೆ ಪುಡಿ ಅಂಟುವುದು. ಮೂರನೆಯದು ‘ವಿದಾರ ಮಬ್ಬು’: ಉಗುರಿಗೆ ಬಿರುಕು ಸಿಗುವುದು, ಇದಕ್ಕೆ ಯಾವ ಬಣ್ಣವೂ ಮದ್ದಲ್ಲ, ಹೊಸ ಮಡ್‌ಗಾರ್ಡನ್ನೇ ಕೊಳ್ಳತಕ್ಕದ್ದು. ನಾಲ್ಕನೆಯದು ಮೇಲಿನ ಮೂರೂ ಒಂದೇ ಬೈಕಿನಲ್ಲಿರುವುದು. ಐದರಿಂದ ಒಂಬತ್ತರವರೆಗಿನವು ಇವೇ ನಾಲ್ಕು, ಹೆಚ್ಚು ಸಂಸ್ಕೃತದಲ್ಲಿ; ಆದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಪೂರ್ವಸೂರಿಗಳಲ್ಲಿ ಎರಡು ಪಂಥಗಳುಂಟು. ಕೊಬ್ಬರಿ ಎಣ್ಣೆಯನ್ನೋ ಟೈರ್ ಪಾಲಿಶನ್ನೋ ಸವರುವ ತೈಲಪಂಥದ ಫಲ ಮುಂದಿನ ಮಳೆಯವರೆಗೆ ಮಾತ್ರ ಬಾಳುತ್ತದೆ, ಅಷ್ಟರೊಳಗೆ ರಸ್ತೆಯ ಧೂಳೆಲ್ಲ ಬಂದು ಎಣ್ಣೆಗೆ ಕೂತಿರುತ್ತದೆ. ಹೀಟ್ ಗನ್ನಿನಿಂದ ಬಿಸಿಗಾಳಿ ಊದಿ ಮೇಲ್ಮೈಯನ್ನು ತುಸುವೇ ಕರಗಿಸಿ ಬಿರುಕು ಮುಚ್ಚುವ ಅಗ್ನಿಪಂಥ ನಿಜಕ್ಕೂ ಕಪ್ಪನ್ನು ಮರಳಿಸುತ್ತದೆಯಾದರೂ, ಒಂದು ಗಳಿಗೆ ಕೈ ಒಂದೇ ಕಡೆ ನಿಂತರೆ ಮಡ್‌ಗಾರ್ಡ್ ಹಪ್ಪಳದಂತೆ ಸೊಟ್ಟಗಾಗುತ್ತದೆ.

ವರ್ಣಾವತರಣದ ಇತಿಹಾಸಕ್ಕೆ ಬಂದರೆ, ನೀರಿನ ಮೇಲೆ ಮಸಿ ತೇಲಿಸಿ ಕಾಗದಕ್ಕೆ ಎತ್ತಿಕೊಳ್ಳುವ ಸುಮಿನಾಗಶಿ ಕಲೆ ಜಪಾನಿನಲ್ಲಿ 12ನೆಯ ಶತಮಾನದಲ್ಲೇ ಇತ್ತು. ತುರ್ಕಿಯ ಇಂಥದೇ ಕಲೆಯಾದ ಎಬ್ರು 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನಮ್ಮ ಹೆಣ್ಣುಮಕ್ಕಳೂ ತಟ್ಟೆಯ ನೀರಿನ ಮೇಲೆ ರಂಗೋಲಿ ಬಿಡಬಲ್ಲರು. ಇದೇ ಉಪಾಯವನ್ನು ಕಾರ್ಖಾನೆಗೆ ಒಗ್ಗಿಸಿ ಮೋಟೊಯಾಸು ನಕನಿಶಿ ಎಂಬ ಜಪಾನೀಯ 1982ರಲ್ಲಿ ಅಮೆರಿಕದಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇದರ ಮೂಲ ಹಳೇಬೀಡಿನಲ್ಲಿತ್ತೆಂದು ಸಾಧಿಸುವ ಲೇಖನ ಇನ್ನೂ ಪ್ರಕಟವಾಗಿಲ್ಲ. ಮುಂದಿನ ರಾಜ್ಯೋತ್ಸವದ ಸ್ಮರಣ ಸಂಚಿಕೆಯವರೆಗೆ ಕಾಯುವುದು ಉಚಿತ.

ಪ್ರಕ್ರಿಯೆಯನ್ನು ಷೋಡಶ ಸಂಸ್ಕಾರಗಳಾಗಿ ನಿರೂಪಿಸುವ ಆಲೋಚನೆಯಿತ್ತಾದರೂ ಕೆಲಸ ಅಷ್ಟು ಉದ್ದವಿಲ್ಲ. ಭಾಗವನ್ನು ಬಿಚ್ಚಿ ತಿರುವಿ ನೋಡಿದರೆ ಒಳಮೈಯಲ್ಲಿ ಪಿಪಿ ಎಂದೋ ಎಬಿಎಸ್ ಎಂದೋ ಸಣ್ಣ ಅಚ್ಚು ಇರುತ್ತದೆ. ಇದೇ ಆ ಉಪಾಂಗದ ಗೋತ್ರ. ಎಬಿಎಸ್ ಎಂಬ ಪ್ಲಾಸ್ಟಿಕ್ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಪಿಪಿ ಎಂಬ ಪಾಲಿಪ್ರೊಪಿಲೀನ್ ಕೆಸುವಿನ ಎಲೆ ನೀರನ್ನು ಜಾರಿಸಿದಂತೆ ಬಣ್ಣವನ್ನು ಜಾರಿಸುತ್ತದೆ. ಆದ್ದರಿಂದ ಸೋಪಿನಲ್ಲಿ ತೊಳೆದು, ಜಿಡ್ಡು ತೆಗೆದು, ಪೇಂಟರುಗಳು ವಾಟರ್ ಪೇಪರ್ ಎನ್ನುವ ಉಪ್ಪುಕಾಗದದ 600ನೆಯ ನಂಬರಿನಿಂದ ಹದವಾಗಿ ಉಜ್ಜಿ, ಅಡ್ಹೀಶನ್ ಪ್ರಮೋಟರ್ ಎಂಬ ಅಂಟುಗೂಡಿಸುವ ಪದರ ಹೊಡೆದು, ಅದರ ಮೇಲೆ ಬೇಸ್ ಕೋಟ್ ಎಂಬ ತಳಬಣ್ಣ ಹಾಕಬೇಕು. ಹಾಳೆಯಲ್ಲಿ ಮಸಿಯಿರುವುದು ರೇಖೆಗಳಿಗೆ ಮಾತ್ರ. ನಡುವಿನ ಜಾಗದಲ್ಲಿ ಕಾಣುವುದು ಈ ತಳಬಣ್ಣವೇ.

ಹಾಳೆ ಪಾಲಿವೈನೈಲ್ ಆಲ್ಕೊಹಾಲ್ ಎಂಬ, ನೀರಿನಲ್ಲಿ ಕರಗುವ ಪದಾರ್ಥದ್ದು. ಒದ್ದೆ ಬೆರಳಿಗೆ ಅಂಟಿಕೊಳ್ಳುವ ಮಗ್ಗುಲು ಕೆಳಗೆ ಬರುವಂತೆ ಅದನ್ನು ಸುಮಾರು 30 ಡಿಗ್ರಿ ಬೆಚ್ಚಗಿನ ನೀರಿನ ಮೇಲೆ, ಅಡಿಯಲ್ಲಿ ಗಾಳಿಗುಳ್ಳೆ ನಿಲ್ಲದಂತೆ ಹಾಸಬೇಕು. ಒಂದು ನಿಮಿಷದಲ್ಲಿ ಅದು ನೆನೆದು ಸುಕ್ಕೆದ್ದು ಮತ್ತೆ ಸಮವಾಗುತ್ತದೆ. ಆಗ ಆಕ್ಟಿವೇಟರ್ ಎಂಬ ದ್ರಾವಕವನ್ನು ತೆಳ್ಳಗೆ ಸಿಂಪಡಿಸಿದರೆ ಹಾಳೆ ಹಾಳೆಯಾಗಿ ಉಳಿಯದೆ, ನೀರಿನ ಮೇಲೆ ಮಸಿ ಮಾತ್ರ ಎಣ್ಣೆಯಂತೆ ಫಳಫಳ ಹೊಳೆಯುತ್ತ ನಿಲ್ಲುತ್ತದೆ. ಇಡೀ ಶಾಸ್ತ್ರ ನಿಂತಿರುವುದು ಮುಂದಿನ ಕೆಲವೇ ಸೆಕೆಂಡುಗಳ ಮೇಲೆ: ಭಾಗವನ್ನು ಓರೆಯಾಗಿ, ತಡವರಿಸದೆ, ಅವಸರಿಸದೆ ಇಳಿಸಿದರೆ ನೀರಿನ ಒತ್ತಡ ಚಿತ್ತಾರವನ್ನು ಎಲ್ಲ ಉಬ್ಬುತಗ್ಗುಗಳಿಗೂ ಒತ್ತಿ ಹಿಡಿಸುತ್ತದೆ; ಕೈ ನಡುಗಿದರೆ ನೆರಿಗೆ ಬೀಳುತ್ತದೆ, ಗುಳ್ಳೆ ಉಳಿದಿದ್ದರೆ ಅಲ್ಲೊಂದು ತೂತು. ಮುಳುಗಿದಲ್ಲೇ ಭಾಗವನ್ನು ಅಲುಗಿಸಿ, ಮೇಲೆ ಉಳಿದ ಮಸಿಯನ್ನು ಪಕ್ಕಕ್ಕೆ ಸರಿಸಿ ಎತ್ತದಿದ್ದರೆ ಆ ಚೂರುಗಳು ಎರಡನೆಯ ಸಲ ಅಂಟಿ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಳಿಕ ಕೈಗೆ ಲೋಳೆ ಹತ್ತದಷ್ಟು ಹೊತ್ತು ತೊಳೆದು ಒಣಗಿಸಬೇಕು. ಗಿರಾವೀನ್ ಹಿತ್ತಿಲುಗಳಲ್ಲಿ ಇದಕ್ಕೆ ಹಿಲ್ಸ್ ಹಾಯ್ಸ್ಟ್ ಎಂಬ ತಿರುಗುವ ಬಟ್ಟೆಕಂಬ ಹೇಳಿಮಾಡಿಸಿದ ಜಾಗ, ಪಕ್ಕದಲ್ಲಿ ಪಂಚೆಯೊಂದು ತಾಗದಂತೆ ನೋಡಿಕೊಂಡರಾಯಿತು.

ಸಿಡ್ನಿ ಮತ್ತು ಮೆಲ್ಬರ್ನ್ ಶಾಖೆಗಳ ನಡುವಿನ ತಾತ್ತ್ವಿಕ ಭಿನ್ನತೆ ನೀರಿನ ಶಾಖಕ್ಕೆ ಸಂಬಂಧಿಸಿದ್ದು. ಮೆಲ್ಬರ್ನಿನಲ್ಲಿ ಒಂದೇ ದಿನ ನಾಲ್ಕು ಋತು ಬರುವುದರಿಂದ ತೊಟ್ಟಿಗೆ ಅಕ್ವೇರಿಯಮ್ಮಿನ ಹೀಟರ್ ಇಳಿಬಿಡುವುದು ಅನಿವಾರ್ಯ. ಸಿಡ್ನಿಯವರು ಬೇಸಿಗೆಯಲ್ಲಿ ನಲ್ಲಿಯನ್ನೇ ನಂಬಿ ಜುಲೈನಲ್ಲಿ ಪಶ್ಚಾತ್ತಾಪಪಡುತ್ತಾರೆ.

ಈಗ ಚಿತ್ತಾರದ ಪ್ರಶ್ನೆ. ಲಭ್ಯವಿರುವ ಅಸಂಖ್ಯ ಮಾದರಿಗಳಲ್ಲಿ ಬೈಕಿನವರು ಹಾಯ್ದು ಬೀಳುವುದು ಕಾರ್ಬನ್ ಫೈಬರ್ ನೇಯ್ಗೆಯ ಚಿತ್ರಕ್ಕೆ, ಅಂದರೆ ಹಗುರವೂ ಗಟ್ಟಿಯೂ ಆದ ದುಬಾರಿ ವಸ್ತುವೊಂದರ ಫೋಟೋವನ್ನು ಅಗ್ಗದ ಪ್ಲಾಸ್ಟಿಕ್‌ಗೆ ಉಡಿಸುವುದಕ್ಕೆ. ಇದನ್ನು ‘ಸಾಗರೋತ್ತರ ಉಪಾಂಗದ ಅಸ್ಮಿತೆಯ ಮೇಲ್ಪದರೀಕರಣದ ವಸಾಹತೋತ್ತರ ಸಂಕಥನದ ನೆಲೆಯಲ್ಲಿ ಅನನ್ಯತೆಯ ಚಹರೆಗಳು ಅನುಭಾವಿಸುವ ಅಂಚಿನ ಪಲ್ಲಟ’ವೆಂದು ಗುರುತಿಸಬಹುದು. ಈ ವಾಕ್ಯಕ್ಕೆ ಅರ್ಥವಿಲ್ಲ. ಇದೇ ಬಗೆಯ ವಾಕ್ಯಗಳನ್ನು ಓದಲು ಊರಿನಿಂದ ಹನ್ನೆರಡು ಗಂಟೆಗೂ ಮೀರಿ ವಿಮಾನದಲ್ಲಿ ಬರುವ ಆಹ್ವಾನಿತರು, ಶಾಲೆಯ ಬಾಡಿಗೆ ಸಭಾಂಗಣದಲ್ಲಿ, ಮಕ್ಕಳು ಮಡಿಲಲ್ಲಿ ನಿದ್ದೆಹೋಗಿ ಬಿಸಿಬೇಳೆಬಾತ್ ಆರುತ್ತಿರುವಾಗ, ಎದುರಿಗೆ ಕೂತವರಿಗೇ ಅವರ ವಲಸೆಯ ಅಸ್ಮಿತೆಯನ್ನು ಒಂದೂವರೆ ತಾಸು ವಿವರಿಸುತ್ತಾರೆ. ಕೂತವರಲ್ಲಿ ಒಬ್ಬರನ್ನೂ, ನೀವಿಲ್ಲಿ ಏನು ಕೆಲಸ ಮಾಡುತ್ತೀರಿ, ಅದನ್ನು ಹೇಗೆ ಮಾಡುತ್ತೀರಿ ಎಂದು ಕೇಳುವುದಿಲ್ಲ. ಶಾಲು, ಹಾರ, ಫಲತಾಂಬೂಲದೊಂದಿಗೆ ಸಂಕಥನ ಮುಗಿಯುತ್ತದೆ.

ಕನ್ನಡ ಮೊದಲಿನಿಂದಲೂ ಹೀಗಿರಲಿಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯ ಲೋಕೋಪಕಾರದಲ್ಲಿ ಬಾವಿ ತೋಡಲು ನೀರಿನ ಸೆಲೆ ಹುಡುಕುವುದನ್ನೂ ಗಿಡಗಳ ಆರೈಕೆಯನ್ನೂ ಸುಗಂಧ ಕೂಡಿಸುವುದನ್ನೂ ಅಡುಗೆಯನ್ನೂ ಬರೆದ. ರಾಜಾದಿತ್ಯ ವ್ಯವಹಾರಗಣಿತ ಬರೆದ, ಕೀರ್ತಿವರ್ಮ ಹಸುವಿನ ರೋಗಗಳಿಗೆ ಗೋವೈದ್ಯ ಬರೆದ, ಮೂರನೆಯ ಮಂಗರಸ ಸೂಪಶಾಸ್ತ್ರ ಬರೆದ. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚದ ಸಂಪುಟಗಳನ್ನು ಹೊರತಂದರು. ಕೈಕೆಲಸವನ್ನು ಬರವಣಿಗೆಗೆ ತರುವುದು ಕವಿಯ ಘನತೆಗೆ ಕಡಿಮೆಯೆಂದು ಇವರಲ್ಲಿ ಯಾರಿಗೂ ಅನಿಸಲಿಲ್ಲ. ಇಂದು ಬೆಂಗಳೂರಿನ ಯಾವುದೇ ಪೇಂಟಿಂಗ್ ಶೆಡ್ಡಿನಲ್ಲಿ, ಮೂಗಿಗೆ ಕರ್ಚೀಫ್ ಕಟ್ಟಿಕೊಂಡು, ಗಟ್ಟಿಕಾರಕ ಬೆರೆಸಿದ ಟೂ ಪ್ಯಾಕ್ ಕ್ಲಿಯರ್ ಎಂಬ ಪಾರದರ್ಶಕ ಲೇಪ ಹೊಡೆಯುವ ಹುಡುಗನ ಕೈಯಲ್ಲಿರುವ ಡಬ್ಬಿಯ ಎಚ್ಚರಿಕೆ ಇಂಗ್ಲಿಷಿನಲ್ಲಿದೆ. ಆ ಡಬ್ಬಿಯ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಉಸಿರಿಗೆ ಹೋದರೆ ಉಬ್ಬಸ ಹಿಡಿಯುತ್ತದೆ, ಒಮ್ಮೆ ಹಿಡಿದ ಮೇಲೆ ಐಸೋಸಯನೇಟ್ ಸ್ವಲ್ಪ ತಗಲಿದರೂ ಎದೆ ಕಟ್ಟುತ್ತದೆ, ಕರ್ಚೀಫ್ ಅದನ್ನು ತಡೆಯುವುದಿಲ್ಲ. ಇದನ್ನು ಅವನಿಗೆ ಅವನ ಭಾಷೆಯಲ್ಲಿ ಹೇಳುವ ಒಂದು ಪುಟಕ್ಕೆ ಬಿಡುವಿಲ್ಲದಷ್ಟು ಕನ್ನಡದ ವಿದ್ವತ್ತು ಚಹರೆಗಳ ಹುಡುಕಾಟದಲ್ಲಿ ಮುಳುಗಿದೆ, ಮತ್ತು ಇದು ನಗುವ ವಿಷಯವಲ್ಲ.

ಆದ್ದರಿಂದ ಉಳಿದದ್ದನ್ನು ನೇರವಾಗಿ ಹೇಳುವುದೇ ಸರಿ. ಚಿತ್ತಾರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬರಲೇಬೇಕು, ಅದಿಲ್ಲದೆ ಮಸಿ ಉಜ್ಜಿದರೇ ಹೋಗುತ್ತದೆ. ಆ ಪದರದಲ್ಲಿ ನೇರಳಾತೀತ ಕಿರಣ ತಡೆಯುವ ಗುಣವಿಲ್ಲದಿದ್ದರೆ ಸಿಡ್ನಿಯ ಬಿಸಿಲು ಮಡ್‌ಗಾರ್ಡಿಗೆ ಮಾಡಿದ್ದನ್ನೇ ಅದಕ್ಕೂ ಮಾಡುತ್ತದೆ. ತೊಟ್ಟಿಯ ನೀರನ್ನು ರಸ್ತೆಬದಿಯ ಮಳೆಚರಂಡಿಗೆ ಸುರಿಯಬಾರದು, ಅದು ಟೂಂಗಾಬಿ ಕ್ರೀಕ್ ಸೇರಿ ಪರಮಟ್ಟ ನದಿಗೆ ಹೋಗುತ್ತದೆ. ಟೂ ಪ್ಯಾಕ್ ಹೊಡೆಯಲು ಹೊರಗಿನ ಗಾಳಿಯನ್ನು ಕೊಳವೆಯಲ್ಲಿ ತರುವ ಮುಖವಾಡ ಬೇಕು, ಅದಿಲ್ಲದವರು ಭಾಗವನ್ನು ಸ್ಪ್ರೇ ಬೂತ್ ಇರುವ ಪ್ಯಾನೆಲ್ ಬೀಟರ್ ಎಂಬ ವಾಹನದ ಮೈ ರಿಪೇರಿಯವರ ಬಳಿ ಕೊಡಬೇಕು. ಅದೂ ಆಗದಿದ್ದರೆ ಒಂದೇ ಡಬ್ಬಿಯ ಸ್ಪ್ರೇ ಕ್ಲಿಯರನ್ನು ಬಾಗಿಲು ತೆರೆದ ಜಾಗದಲ್ಲಿ, ದ್ರಾವಕದ ಹಬೆ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡು, ನಾಲ್ಕಾರು ತೆಳು ಸುತ್ತಾಗಿ ಹೊಡೆಯಬಹುದು. ಪೆಟ್ರೋಲ್ ತಾಗಿದರೆ ಅದು ಮೆತ್ತಗಾಗುವುದರಿಂದ ಟ್ಯಾಂಕಿನ ಪಕ್ಕದ ರೆಕ್ಕೆಗಳಿಗೆ ಬೇಡ, ಮಡ್‌ಗಾರ್ಡಿಗೆ ಸಾಕು.