ಏರಿಳಿತದ ಪಂಡಿತ

ಏರಿಳಿತದ ಪಂಡಿತನನ್ನು ಗುರುತಿಸುವುದು ಕಷ್ಟವಲ್ಲ. ರೋಲರ್ ಕೋಸ್ಟರ್ ತುದಿಯಿಂದ ಕೆಳಕ್ಕೆ ಧುಮುಕಿದಾಗ ಉಳಿದವರೆಲ್ಲ ದೇವರನ್ನೋ ಹೆತ್ತವಳನ್ನೋ ಕೂಗುತ್ತಿರುತ್ತಾರೆ. ಕೊನೆಯ ಸಾಲಿನಲ್ಲಿ ಎರಡೂ ಕೈ ಮೇಲೆತ್ತಿ, ತುಟಿ ಬಿಗಿದು, ಉತ್ತರಪತ್ರಿಕೆ ತಿದ್ದುವವನ ಗಾಂಭೀರ್ಯದಲ್ಲಿ ಕೂತಿರುವವನು ಅವನು. ಇಳಿದ ಮೇಲೆ ಉಳಿದವರು ನೀರು ಕೇಳುತ್ತಾರೆ. ಅವನು, “ಮೂರನೇ ದಿಬ್ಬದ ಮೇಲೆ ಈಗೀಗ ಬ್ರೇಕ್ ಜಾಸ್ತಿ ಹಿಡೀತಿದಾರೆ” ಅನ್ನುತ್ತಾನೆ. ಜೇಬಿಗೆ ಜಿಪ್, ಕನ್ನಡಕಕ್ಕೆ ದಾರ, ಮೈಮೇಲೆ ಯಾವುದೋ ಕೋಸ್ಟರಿನ ಹೆಸರಿರುವ ಟೀ-ಷರ್ಟು. ಆ ಹೆಸರು ಅಂದು ಹೋಗಿರುವ ಪಾರ್ಕಿನದಾಗಿರಕೂಡದು. ಕೆಡವಿಹಾಕಿದ ಕೋಸ್ಟರಿನದಾದರೆ ಗೌರವ ಹೆಚ್ಚು.

ಈ ತಳಿ ಅಮೆರಿಕ, ಬ್ರಿಟನ್, ಜರ್ಮನಿಗಳಲ್ಲಿ ಹುಲುಸಾಗಿ ಬೆಳೆದಿದೆ. ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್ ಎಂಬ ಸಂಘ 1978ರಿಂದಲೇ ಇದೆ. ಪಂಡಿತರ ಪರಿಭಾಷೆಯಲ್ಲಿ ಉಳಿದ ಮಾನವಕುಲಕ್ಕೆಲ್ಲ ಒಂದೇ ಹೆಸರು: ‘ಜಿ.ಪಿ.’, ಅಂದರೆ ಜನರಲ್ ಪಬ್ಲಿಕ್. ಟಿಕೆಟ್ ಕೊಂಡು, ಕಿರುಚಿ, ಪಾಪ್‌ಕಾರ್ನ್ ತಿಂದು, ಸಂತೋಷವಾಗಿ ಮನೆಗೆ ಹೋಗುವವರು ಜಿ.ಪಿ.ಗಳು. ಅವರ ಬಗ್ಗೆ ಪಂಡಿತನಿಗೆ ದ್ವೇಷವೇನೂ ಇಲ್ಲ, ಮರುಕ ಮಾತ್ರ.

ಅವನ ಉಪನ್ಯಾಸಕ್ಕೆ ಪ್ರಶಸ್ತ ಸ್ಥಳ ಸರದಿ ಸಾಲು. ಎರಡೂ ಬದಿಗೆ ಕಂಬಿ ಇರುವುದರಿಂದ ಕೇಳುಗರಿಗೆ ಓಡಿಹೋಗಲು ದಾರಿಯಿರುವುದಿಲ್ಲ. ಮಾತು 1884ರಿಂದ ಶುರು. ಆ ವರ್ಷ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬಾತ ಐದು ಸೆಂಟಿಗೆ ಒಂದು ಸವಾರಿಯಂತೆ ‘ಸ್ವಿಚ್‌ಬ್ಯಾಕ್ ರೈಲ್ವೆ’ ತೆರೆದ. ಅದರ ವೇಗ ಗಂಟೆಗೆ ಸುಮಾರು 6 ಮೈಲಿ. ಅವಸರವಿದ್ದವರು ಪಕ್ಕದಲ್ಲಿ ಓಡಿಯೇ ಅದನ್ನು ಹಿಂದೆ ಹಾಕಬಹುದಿತ್ತು. ಸಾಲು ನಾಲ್ಕು ಹೆಜ್ಜೆ ಮುಂದೆ ಸರಿಯುವಷ್ಟರಲ್ಲಿ ಉಪನ್ಯಾಸ 1919ಕ್ಕೆ ಬಂದಿರುತ್ತದೆ. ಜಾನ್ ಮಿಲ್ಲರ್ ಹಳಿಯ ಅಡಿಗೂ ಒಂದು ಜೊತೆ ಗಾಲಿ ಇಟ್ಟು ಪೇಟೆಂಟ್ ಪಡೆದದ್ದು ಆಗ. ಮೇಲೊಂದು, ಪಕ್ಕಕ್ಕೊಂದು, ಕೆಳಗೊಂದು ಗಾಲಿ ಹಳಿಯನ್ನು ಹಿಡಿದುಕೊಂಡ ಮೇಲೆ ದಿಬ್ಬದ ನೆತ್ತಿಯಲ್ಲಿ ಬಂಡಿ ಹಾರಿಹೋಗುವ ಭಯ ತಪ್ಪಿತು. ಜನರನ್ನು ಸೀಟಿನಿಂದ ಎಬ್ಬಿಸುವ ಕಲೆ ಅಲ್ಲಿಂದಲೇ ಕುದುರಿದ್ದು.

ಲೂಪಿನ ವಿಷಯ ಬಂದರಂತೂ ಅವನ ಕಣ್ಣು ಅರಳುತ್ತದೆ. 1895ರಲ್ಲಿ ಕೋನಿ ಐಲೆಂಡಿನಲ್ಲೇ ‘ಫ್ಲಿಪ್ ಫ್ಲ್ಯಾಪ್’ ಎಂಬ ಕೋಸ್ಟರ್ ಅಚ್ಚುಕಟ್ಟಾದ ವೃತ್ತಾಕಾರದ ಲೂಪಿನೊಂದಿಗೆ ಬಂತು, ಸವಾರರ ಕತ್ತು ನೋಯಿಸಿ ಹೆಸರು ಕೆಡಿಸಿಕೊಂಡಿತು. ತಪ್ಪು ವೃತ್ತದ್ದೇ. ನೆತ್ತಿಯಲ್ಲಿ ಬೀಳದಿರಲು ಬೇಕಾದಷ್ಟೇ ವೇಗ ಕೊಟ್ಟರೂ ಪೂರ್ಣ ವೃತ್ತದ ತಳದಲ್ಲಿ ಮನುಷ್ಯನಿಗೆ ತನ್ನ ತೂಕ ಆರು ಪಟ್ಟು ಆದಂತೆ ಅನ್ನಿಸುತ್ತದೆ. ಜರ್ಮನ್ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಮತ್ತು ತಯಾರಕ ಆಂಟನ್ ಶ್ವಾರ್ಟ್ಸ್‌ಕೋಫ್ ಲೂಪನ್ನು ಕಣ್ಣೀರಿನ ಹನಿಯ ಆಕಾರಕ್ಕೆ ತಿದ್ದಿದರು: ವೇಗ ಹೆಚ್ಚಿರುವ ತಳದಲ್ಲಿ ಅಗಲವಾದ ಬಾಗು, ವೇಗ ಕಡಿಮೆಯಾಗುವ ನೆತ್ತಿಯಲ್ಲಿ ಬಿಗಿಯಾದ ಬಾಗು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನ ‘ರೆವಲ್ಯೂಷನ್’ನಲ್ಲಿ ಜನ ತಲೆಕೆಳಗಾಗಿಯೂ ನೆಟ್ಟಗಿನ ಕತ್ತಿನೊಂದಿಗೆ ಹೊರಬಂದರು. ಇಷ್ಟನ್ನೆಲ್ಲ ಪಂಡಿತ ಗಾಳಿಯಲ್ಲಿ ಬೆರಳಾಡಿಸಿ ವಿವರಿಸುತ್ತಾನೆ. ಹಿಂದೆ ನಿಂತವರ ಕಣ್ಣಿಗೆ ಆ ಬೆರಳು ತಾಗದಿದ್ದರೆ ಅದು ಅವರ ಅದೃಷ್ಟ. ಅವನು ಹೇಳಲು ಹಿಂಜರಿಯುವ ಸಂಗತಿಯೂ ಒಂದಿದೆ. ಆ್ಯರೋ ಕಂಪನಿಗಾಗಿ ಹತ್ತಾರು ಉಕ್ಕಿನ ಕೋಸ್ಟರುಗಳನ್ನು ವಿನ್ಯಾಸ ಮಾಡಿದ ರಾನ್ ಟೂಮರ್‌ಗೆ ಸುತ್ತಿದರೆ ಹೊಟ್ಟೆ ತೊಳಸುತ್ತಿತ್ತು. ತಾನೇ ರೂಪಿಸಿದ್ದನ್ನು ಹತ್ತುವುದನ್ನು ಆತ ಆದಷ್ಟೂ ತಪ್ಪಿಸಿಕೊಳ್ಳುತ್ತಿದ್ದ.

ಹೊಸ ಕೋಸ್ಟರಿನ ಹೆಸರು ಕಿವಿಗೆ ಬಿದ್ದೊಡನೆ ಪಂಡಿತ ಮೊದಲು ಕೇಳುವುದು ಎತ್ತರವನ್ನಲ್ಲ, ವೇಗವನ್ನಲ್ಲ. ಸಂಬಂಧ ಕುದುರಿಸಲು ಬಂದ ಹಿರಿಯರು ಗೋತ್ರ ಕೇಳುವಂತೆ ಅವನು ತಯಾರಕರನ್ನು ಕೇಳುತ್ತಾನೆ. ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಾಬಿಯಾರ್ ಎಂದರೆ ನಯ, ನಿಯತ್ತು, ನಿಗದಿತ ವೇಳೆ. ಇಂಟಾಮಿನ್ ಎಂದರೆ ಸಾಹಸ. ಹಾಲೆಂಡಿನ ವೆಕೋಮಾ ಎಂದ ಕೂಡಲೇ, ‘ಹಳೇದೋ ಹೊಸದೋ?’ ಎಂಬ ಮರುಪ್ರಶ್ನೆ ಬರುತ್ತದೆ. ಅವರ ‘ಬೂಮರಾಂಗ್’ ಮಾದರಿಯ ಹಳೆಯ ಕೋಸ್ಟರುಗಳಲ್ಲಿ ಭುಜದ ಪಟ್ಟಿಗೆ ಕಿವಿ ಬಡಿಸಿಕೊಂಡವರು ಅದನ್ನು ಸುಲಭವಾಗಿ ಮರೆಯುವುದಿಲ್ಲ. ಇಡಾಹೋದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಹೆಸರು ಬಂದರೆ ಮಾತ್ರ ದನಿ ತಗ್ಗಿ ಭಕ್ತಿ ಮೂಡುತ್ತದೆ. ಎಲುಬು ಸಡಿಲಿಸುವ ಹಳೆಯ ಮರದ ಕೋಸ್ಟರುಗಳ ಮೇಲೆ ಉಕ್ಕಿನ ಹಳಿ ಕೂರಿಸಿ ಹೊಸ ಜೀವ ಕೊಡುವವರು ಇವರು.

ಪಂಡಿತ ಬೆನ್ನು ಹತ್ತಿರುವ ಸುಖದ ಹೆಸರು ಏರ್‌ಟೈಮ್, ಎಂದರೆ ದಿಬ್ಬದ ನೆತ್ತಿ ದಾಟುವಾಗ ಕುಂಡೆ ಸೀಟಿನಿಂದ ಮೇಲೇಳುವ ಕ್ಷಣ. ಇದರಲ್ಲೂ ಜಾತಿಗಳುಂಟು. ಮೆಲ್ಲಗೆ ತೇಲಿಸುವುದು ಫ್ಲೋಟರ್, ಎತ್ತಿ ಎಸೆಯುವುದು ಇಜೆಕ್ಟರ್. 2018ರಲ್ಲಿ ಓಹಾಯೋದ ಸೀಡರ್ ಪಾಯಿಂಟ್ ಪಾರ್ಕು ತನ್ನ ‘ಸ್ಟೀಲ್ ವೆಂಜನ್ಸ್’ನಲ್ಲಿ 27.2 ಸೆಕೆಂಡು ಏರ್‌ಟೈಮ್ ಇದೆಯೆಂದು ಜಾಹೀರಾತು ಕೊಟ್ಟಿತು. ದಶಮಾಂಶ ಚುಕ್ಕೆಯ ಆಚೆಗಿನ ಆ ಎರಡು ಯಾರಿಗಾಗಿ ಎಂಬುದನ್ನು ಬೇರೆ ಹೇಳಬೇಕಿಲ್ಲ. ಹಿಂದಿನ ಸಾಲಿಗಾಗಿ ಪಂಡಿತ ಇನ್ನೊಂದು ಅರ್ಧ ಗಂಟೆ ಕಾಯುವುದೂ ಈ ಸುಖಕ್ಕೇ: ಮುಂದಿನ ಬಂಡಿಗಳು ಆಗಲೇ ಇಳಿಜಾರಿಗೆ ಬಿದ್ದಿರುವುದರಿಂದ ಕೊನೆಯ ಬಂಡಿ ನೆತ್ತಿಯ ಮೇಲೆ ದರದರನೆ ಎಳೆಯಲ್ಪಡುತ್ತದೆ. ಬೆಳಿಗ್ಗೆ ಹತ್ತಿದ್ದನ್ನೇ ಸಂಜೆ ಮತ್ತೆ ಹತ್ತುತ್ತಾನೆ. ಬಿಸಿಲಿಗೆ ಗಾಲಿ, ಬೇರಿಂಗುಗಳು ಕಾದು ಸಂಜೆಯ ಓಟ ಚುರುಕಾಗುತ್ತದೆ ಎಂಬುದು ಅವನ ಅನುಭವ, ಭೌತಶಾಸ್ತ್ರಕ್ಕೂ ಒಪ್ಪಿತ.

ಆಸೆಗಳಲ್ಲೂ ಅವನು ಜಿ.ಪಿ.ಗಿಂತ ಬೇರೆ. ಸೀಡರ್ ಪಾಯಿಂಟಿನಲ್ಲೇ 2003ರಲ್ಲಿ ಬಂದ ‘ಟಾಪ್ ಥ್ರಿಲ್ ಡ್ರಾಗ್‌ಸ್ಟರ್’ ಗಂಟೆಗೆ 120 ಮೈಲಿ ವೇಗದಲ್ಲಿ 420 ಅಡಿಯ ಗೋಪುರ ಹತ್ತುತ್ತಿತ್ತು. ಗಾಳಿ ಎದುರಾದರೆ ಅಪರೂಪಕ್ಕೊಮ್ಮೆ ನೆತ್ತಿ ದಾಟಲಾಗದೆ ಹಿಂದಕ್ಕೆ ಜಾರಿ ಬರುತ್ತಿತ್ತು; ಪಂಡಿತರ ಮಾತಿನಲ್ಲಿ ಇದು ‘ರೋಲ್‌ಬ್ಯಾಕ್’. ಕೆಳಗಿನ ಬ್ರೇಕುಗಳು ಅದನ್ನು ತಡೆದು ನಿಲ್ಲಿಸುತ್ತಿದ್ದವು. ಜಿ.ಪಿ. ಇದನ್ನು ಕೇಳಿಯೇ ಬೆವರುತ್ತಿದ್ದ, ಪಂಡಿತ ಇದಕ್ಕಾಗಿ ಹರಕೆ ಹೊರುತ್ತಿದ್ದ. 2024ರಲ್ಲಿ ಅದೇ ಕೋಸ್ಟರ್ ‘ಟಾಪ್ ಥ್ರಿಲ್ 2’ ಆಗಿ ಮರುಹುಟ್ಟು ಪಡೆದಾಗ, ಅರ್ಧ ಏರಿ ಹಿಂದೆ ಜಾರುವುದನ್ನು ಸವಾರಿಯ ಭಾಗವಾಗಿಯೇ ಸೇರಿಸಲಾಯಿತು. ಪಂಡಿತನಿಗೆ ತೃಪ್ತಿಯಾಗಲಿಲ್ಲ. ಬೇಕೆಂದೇ ಹಿಂದೆ ಬರುವುದು ರೋಲ್‌ಬ್ಯಾಕ್ ಅಲ್ಲವಂತೆ.

ಇನ್ನು ‘ಕ್ರೆಡಿಟ್’. ಹತ್ತಿದ ಒಂದೊಂದು ಹೊಸ ಕೋಸ್ಟರಿಗೂ ಒಂದು ಕ್ರೆಡಿಟ್. ಈ ಲೆಕ್ಕದಲ್ಲಿ ಹುಟ್ಟುವ ವ್ಯಾಜ್ಯಗಳಿಗೆ ಪ್ರತ್ಯೇಕ ನ್ಯಾಯಾಲಯವನ್ನೇ ತೆರೆಯಬಹುದು. ಬ್ರಿಟನ್ನಿನ ಬ್ಲ್ಯಾಕ್‌ಪೂಲಿನಲ್ಲಿ 1935ರ ‘ಗ್ರ್ಯಾಂಡ್ ನ್ಯಾಷನಲ್’ ಇದೆ. ಎರಡು ರೈಲು ಅಕ್ಕಪಕ್ಕ ಓಡುತ್ತವೆ, ಆದರೆ ಹಳಿ ಒಂದೇ. ಎಡಗಡೆಯ ಕಟ್ಟೆಯಿಂದ ಹೊರಟವನು ಬಲಗಡೆಯ ಕಟ್ಟೆಗೆ ಬಂದು ಇಳಿಯುತ್ತಾನೆ. ಇದು ಒಂದು ಕ್ರೆಡಿಟ್ಟೋ ಎರಡೋ? ಬ್ರಿಟನ್ನಿನದೇ ಆಲ್ಟನ್ ಟವರ್ಸ್ ಪಾರ್ಕಿನ ‘ನೆಮೆಸಿಸ್’ಗೆ ಹೊಸ ಹಳಿ ಹಾಕಿ 2024ರಲ್ಲಿ ಮತ್ತೆ ತೆರೆದರು, ಹಳೆಯದನ್ನು ಹತ್ತಿದ್ದವನಿಗೆ ಮತ್ತೊಂದು ಕ್ರೆಡಿಟ್ ಸಲ್ಲುತ್ತದೆಯೇ? ಎಲ್ಲಕ್ಕಿಂತ ಜಟಿಲವಾದದ್ದು ಮಕ್ಕಳ ಕೋಸ್ಟರು. ಸೇಬಿನೊಳಗಿಂದ ನುಸುಳಿ ಬರುವ ನಗುಮುಖದ ಹಸಿರು ಹುಳುವೂ ಲೆಕ್ಕಕ್ಕೆ ಕೋಸ್ಟರೇ. ಆದರೆ ಮಗು ಜೊತೆಗಿಲ್ಲದ ದೊಡ್ಡವರನ್ನು ಕೆಲವು ಪಾರ್ಕುಗಳು ಅದಕ್ಕೆ ಹತ್ತಿಸುವುದಿಲ್ಲ. ಆಗ ಅಕ್ಕನ ಮಗನೋ ಸ್ನೇಹಿತನ ಮಗಳೋ ಎರವಲು ಬರಬೇಕಾಗುತ್ತದೆ. ಮಗುವಿಗೆ ಐಸ್‌ಕ್ರೀಮು, ಮಾವನಿಗೆ ಕ್ರೆಡಿಟ್ಟು. ಮೊಳಕಾಲು ಗದ್ದಕ್ಕೆ ತಾಗಿಸಿಕೊಂಡು ಹುಳುವಿನ ಹೊಟ್ಟೆಯಲ್ಲಿ ಕೂತ ಮಾವನ ಮುಖದ ಗಾಂಭೀರ್ಯ ಮಾತ್ರ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಕನ್ನಡಿಗ ಪಂಡಿತರೂ ಇಲ್ಲದಿಲ್ಲ. ಬೆಂಗಳೂರಿನವನು ಬಿಡದಿಯ ವಂಡರ್‌ಲಾದಲ್ಲಿ ‘ರಿಕಾಯ್ಲ್’ ಹತ್ತಿ ಖಾತೆ ತೆರೆಯುತ್ತಾನೆ. ಅದು ಮುಂದಕ್ಕೆ ಹೋದ ದಾರಿಯಲ್ಲೇ ಹಿಂದಕ್ಕೂ ಬರುವ ಕೋಸ್ಟರು. ಓಹಾಯೋದ ಕೊಲಂಬಸ್‌ನಲ್ಲಿ ಕೆಲಸಕ್ಕಿರುವವನಿಗೆ ಸೀಡರ್ ಪಾಯಿಂಟು ಎರಡು ಗಂಟೆ ಚಿಲ್ಲರೆಯ ಹಾದಿ. ಮೈಸೂರಿನಿಂದ ಬಂದ ತಾಯಿತಂದೆಯನ್ನು ನಯಾಗರಾಕ್ಕೆಂದು ಹೊರಡಿಸಿದ ಕಾರು ಈರಿ ಸರೋವರದ ದಂಡೆಯ ಸ್ಯಾಂಡಸ್ಕಿಯಲ್ಲಿ ನಿಂತಿರುತ್ತದೆ. “ಜಲಪಾತ ಎಲ್ಲೋ?” ಎಂದು ತಾಯಿ ಕೇಳಿದರೆ, “ಅಲ್ಲಿ ಬೀಳೋ ನೀರು ಇದೇ ಅಮ್ಮ, ಇಲ್ಲಿಂದಾನೇ ಹೋಗೋದು” ಎಂಬ ಉತ್ತರ. ಭೂಗೋಳದ ಪ್ರಕಾರ ಇದು ಸರಿಯಾಗಿಯೇ ಇದೆ. ತಾಯಿ ಚೀಲಗಳನ್ನು ಕಾಯುತ್ತ ನೆರಳಿನ ಬೆಂಚಿನ ಮೇಲೆ ಕೂತು ಈರಿಯನ್ನು ನೋಡುತ್ತಾರೆ. ತಂದೆ ಮಾತ್ರ, ಎತ್ತರ ಕಂಡರೆ ಆಗದಿದ್ದರೂ, ಪಾರ್ಕಿಂಗಿಗೆ ತೆತ್ತ ಡಾಲರುಗಳನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಮೇಲೆ ಒಂದು ಸುತ್ತು ಹತ್ತಿಯೇಬಿಡುವುದುಂಟು.

ಇಷ್ಟೆಲ್ಲ ಹೇಳಿದರೂ ಪಂಡಿತನ ಅರ್ಧ ಮಾತ್ರ ಹೇಳಿದಂತಾಯಿತು. ಹತ್ತಿ ಇಳಿಯುವ ಎರಡೂವರೆ ನಿಮಿಷ ಅವನ ಬಾಳಿನಲ್ಲಿ ಒಂದು ಚೂರು; ಉಳಿದ ಸಮಯವೆಲ್ಲ ಇನ್ನೂ ಕಟ್ಟದ ಕೋಸ್ಟರಿಗೆ ಮೀಸಲು. ಯಾವ ಪಾರ್ಕಿಗೆ ಮುಂದಿನ ವರ್ಷ ಏನು ಬರುತ್ತದೆ ಎಂಬ ಗಾಳಿಸುದ್ದಿಯೇ ಅವನ ನಿತ್ಯದ ಅನ್ನ. ಅವನ ಶ್ರಮವನ್ನು ನೋಡಿದರೆ ಗಾಳಿಸುದ್ದಿ ಎನ್ನಲೂ ಮನಸ್ಸಾಗದು. ಬ್ರಿಟನ್ನಿನಲ್ಲಿ ದೊಡ್ಡದೇನನ್ನಾದರೂ ಕಟ್ಟಬೇಕಾದರೆ ಸಾಮಾನ್ಯವಾಗಿ ಸ್ಥಳೀಯ ಆಡಳಿತಕ್ಕೆ ಅರ್ಜಿ ಹಾಕಬೇಕು, ಆ ಅರ್ಜಿಯನ್ನು ಯಾರು ಬೇಕಾದರೂ ಓದಬಹುದು. ಸ್ಟಾಫರ್ಡ್‌ಶೈರಿನ ಆಲ್ಟನ್ ಟವರ್ಸ್‌ಗಂತೂ ಮರಗಳ ನೆತ್ತಿ ಮೀರಿ ಏನನ್ನೂ ಎಬ್ಬಿಸಬಾರದೆಂಬ ಕಟ್ಟು. ಎತ್ತರಕ್ಕೆ ಹೋಗಲಾಗದೆ ಬಂಡೆ ಕೊರೆದು ಹಳ್ಳ ತೋಡಿ 1994ರ ನೆಮೆಸಿಸನ್ನು ಅದರೊಳಗೆ ಇಳಿಸಿದರು. 1998ರ ‘ಆಬ್ಲಿವಿಯನ್’ ನೆಲದ ತೂತಿನೊಳಕ್ಕೇ ಧುಮುಕುತ್ತದೆ. ಕಟ್ಟಳೆಯಿಂದ ಹುಟ್ಟಿದ ಇಂಥ ಜಾಣ್ಮೆಯನ್ನು ಪಂಡಿತ ಮೆಚ್ಚುವುದರಲ್ಲಿ ನ್ಯಾಯವಿದೆ. ಆ ಪಾರ್ಕಿನವರು ಹೊಸ ಯೋಜನೆಗೆ ‘ಸೀಕ್ರೆಟ್ ವೆಪನ್’ ಎಂದು ಹೆಸರಿಟ್ಟು ಎಸ್‌ಡಬ್ಲ್ಯೂ 6, 7, 8 ಎಂದು ನಂಬರು ಹಾಕುತ್ತ ಬಂದರು. ನಂಬರು ಹಾಕಿದ ಗುಟ್ಟು ಎಷ್ಟರ ಮಟ್ಟಿಗೆ ಗುಟ್ಟು ಎಂಬುದನ್ನು ಕೇಳಬಾರದು. ಅರ್ಜಿಯ ಜೊತೆಗಿರುವ ಸದ್ದಿನ ಅಳತೆ, ಕಡಿಯಲಿರುವ ಮರಗಳ ಪಟ್ಟಿ, ಚರಂಡಿಯ ನಕ್ಷೆ ಇವನ್ನೆಲ್ಲ ಪಂಡಿತ ಪತ್ತೇದಾರಿ ಕಾದಂಬರಿಯಂತೆ ಓದಿ ಮುಗಿಸುತ್ತಾನೆ; ತಾನಿರುವ ಬಾಡಿಗೆ ಮನೆಯ ಕರಾರುಪತ್ರವನ್ನು ಮಾತ್ರ ಇನ್ನೂ ಓದಿರುವುದಿಲ್ಲ.

ಅಮೆರಿಕದಲ್ಲಿ ದಾರಿ ಬೇರೆ. 200 ಅಡಿಗಿಂತ ಎತ್ತರದ್ದೇನನ್ನೇ ಎಬ್ಬಿಸಿದರೂ ವಿಮಾನಯಾನ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು. ಆ ಅರ್ಜಿಗಳ ಮೇಲೆ ಪಂಡಿತ ಕಣ್ಣಿಟ್ಟಿರುತ್ತಾನೆ. ವಾರಗಟ್ಟಲೆ ಚರ್ಚೆಯಾದ ಮೇಲೆ ಅದು ಮೊಬೈಲ್ ಟವರೆಂದು ಗೊತ್ತಾಗುವುದುಂಟು. ಟ್ರೇಡ್‌ಮಾರ್ಕಿಗೆ ಹೋದ ಹೆಸರುಗಳನ್ನು ಬಾಯಿಪಾಠ ಮಾಡುತ್ತಾನೆ. ಓಹಾಯೋದ ಬಟೇವಿಯಾದಲ್ಲಿ ಬೊಲಿಗರ್ ಅಂಡ್ ಮಾಬಿಯಾರ್‌ನವರ ಹಳಿ ತಯಾರಿಸುವ ಕಾರ್ಖಾನೆಯಿದೆ. ಅದರ ಬಯಲಿನಲ್ಲಿ ಒಣಗುತ್ತಿರುವ ಹಳಿಯ ಬಣ್ಣವನ್ನು ರಸ್ತೆಯಲ್ಲೇ ನಿಂತು ಚಿತ್ರ ತೆಗೆದು, ನೀಲಿಯಾದ್ದರಿಂದ ನೀರಿನ ಕಥೆ, ನೀರಿನ ಕಥೆಯಾದ್ದರಿಂದ ಇಂಥದೇ ಪಾರ್ಕು ಎಂದು ತೀರ್ಪು ಕೊಡುತ್ತಾನೆ. ಮೂಲ ಯಾವುದೆಂದು ಕೇಳಿದರೆ “ಒಳಗಿನವರೇ ಹೇಳಿದ್ದು” ಅನ್ನುತ್ತಾನೆ. ಒಳಗಿನವರೆಂದರೆ ಬೇಸಿಗೆ ರಜೆಗೆ ಪಾರ್ಕಿನಲ್ಲಿ ನಿಂಬೆ ಷರಬತ್ತು ಮಾರುವ ಹುಡುಗನ ರೂಮ್‌ಮೇಟು.

ಪಾರ್ಕುಗಳು ಇದನ್ನೆಲ್ಲ ಬಲ್ಲವು, ಬಳಸಿಕೊಳ್ಳುತ್ತವೆ. ಸೀಡರ್ ಪಾಯಿಂಟಿನ ‘ಮೀನ್ ಸ್ಟ್ರೀಕ್’ ಎಂಬ ಮರದ ಕೋಸ್ಟರ್ 2016ರ ಸೆಪ್ಟೆಂಬರಿನಲ್ಲಿ ನಿಂತಿತು. ಮುಂದಿನ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಹೊಸ ಉಕ್ಕಿನ ಹಳಿ ಎಲ್ಲರ ಕಣ್ಣೆದುರೇ ಏಳುತ್ತಿದ್ದರೂ ಪಾರ್ಕಿನವರು 2017ರ ಆಗಸ್ಟಿನ ತನಕ ಬಾಯಿ ಬಿಡಲಿಲ್ಲ. ಕಣ್ಣಿಗೆ ಕಾಣುವುದು ನಿಜವೇ ಎಂದು ಒಂದು ವರ್ಷ ವಾದಿಸಿದ ಪಂಡಿತರಿಗೆ ಅದು ಸುಗ್ಗಿಯ ಕಾಲ. ಸ್ಟೀಲ್ ವೆಂಜನ್ಸ್ ಘೋಷಣೆಯಾದಾಗ ಅವರಿಗಾದದ್ದು ಸಂತೋಷವೋ, ಕೆಲಸ ಕಳೆದುಕೊಂಡವನ ಸಂಕಟವೋ ಹೇಳುವುದು ಕಷ್ಟ.

ಗಾಳಿಸುದ್ದಿ ನಿಜವಾದರೂ ಫಜೀತಿ ತಪ್ಪಿದ್ದಲ್ಲ. ನ್ಯೂಜೆರ್ಸಿಯ ‘ಕಿಂಗ್‌ಡ ಕಾ’ 456 ಅಡಿ ಎತ್ತರದ್ದು, 2005ರಲ್ಲಿ ತೆರೆದಾಗ ಜಗತ್ತಿನಲ್ಲೇ ಅತಿ ಎತ್ತರದ್ದು. ಅದು ಮುಚ್ಚುತ್ತದೆಂಬ ಗುಸುಗುಸು 2024ರಲ್ಲಿ ಹಬ್ಬಿತ್ತು. ಪಂಡಿತರಲ್ಲಿ ಕೆಲವರು ನಂಬಿದರು, ಕೆಲವರು ಅಧಿಕೃತ ಹೇಳಿಕೆಗಾಗಿ ಕಾದರು. ನವೆಂಬರಿನಲ್ಲಿ ಹೇಳಿಕೆ ಬಂದಾಗ ಕೊನೆಯ ಓಟ ಆಗಲೇ ಮುಗಿದಿತ್ತು. 2025ರ ಫೆಬ್ರವರಿ 28ರಂದು ಸ್ಫೋಟಕವಿಟ್ಟು ಗೋಪುರವನ್ನು ಉರುಳಿಸಿದರು. ಟಾಪ್ ಥ್ರಿಲ್ 2ರ ಕಥೆ ತದ್ವಿರುದ್ಧ. 2024ರ ಮೇ ತಿಂಗಳಲ್ಲಿ ತೆರೆದು ಒಂದು ವಾರ ಕಳೆದ ಬೆನ್ನಲ್ಲೇ ಬಂಡಿಗಳಲ್ಲಿ ಮಾರ್ಪಾಡು ಬೇಕೆಂದು ನಿಂತಿತು, ಮತ್ತೆ ಓಡಿದ್ದು ಮರುವರ್ಷ. ನೂಕುನುಗ್ಗಲು ಇಳಿಯಲಿ ಎಂದು ಜೂನಿನಲ್ಲಿ ರಜೆ ಹಾಕಿದ್ದ ಜಾಣ ಪಂಡಿತರು ಕಂಬಿಯ ಹೊರಗೆ ನಿಂತು ಫೋಟೋ ತೆಗೆದುಕೊಂಡು ಬಂದರು.

ಪಂಡಿತರಲ್ಲಿ ಎಳೆಯರು ಕಂಪ್ಯೂಟರಿನಲ್ಲಿ ತಾವೇ ಕೋಸ್ಟರ್ ಕಟ್ಟುತ್ತಾರೆ. 1999ರ ‘ರೋಲರ್‌ಕೋಸ್ಟರ್ ಟೈಕೂನ್’ ಆಟದಲ್ಲಿ ಶುರುವಾದ ಚಟ ‘ನೋಲಿಮಿಟ್ಸ್’ ತಂತ್ರಾಂಶದ ತನಕ ಬೆಳೆದು, ಕೆಲವರನ್ನು ಎಂಜಿನಿಯರಿಂಗ್ ಕಾಲೇಜಿಗೂ ಅಲ್ಲಿಂದ ವಿನ್ಯಾಸದ ಕಚೇರಿಗೂ ತಲುಪಿಸಿದೆ. ಕೆಲಸಕ್ಕೆ ಸೇರಿದ ದಿನ ಅಂಥವನು ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ. ಎಲ್ಲ ಗೊತ್ತಿದ್ದೂ ಒಂದಕ್ಷರ ಆಡುವಂತಿಲ್ಲ. ವರ್ಷಗಟ್ಟಲೆ ಏನೂ ಗೊತ್ತಿಲ್ಲದೆ ಎಲ್ಲವನ್ನೂ ಆಡಿದವನಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಹಳೆಯ ಸಂಗಡಿಗರೇನೂ ಅವನನ್ನು ಕೈಬಿಡುವುದಿಲ್ಲ. ಯಾವ ಪಾರ್ಕಿನ ಹೆಸರು ಬಂದಾಗ ಅವನು ಮಾತು ಬದಲಿಸಿದ, ಯಾವ ಊರಿನ ವಿಮಾನ ಹಿಡಿದ ಎಂಬುದನ್ನು ಬರೆದಿಟ್ಟುಕೊಂಡು, ಅವನ ಕಂಪನಿ ಮುಂದಿನ ವರ್ಷ ಎಲ್ಲಿ ಏನು ಕಟ್ಟುತ್ತದೆಂದು ಅವರು ಅವನೆದುರೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪಾಗಿದ್ದರೂ ಅವನು ತಿದ್ದುವಂತಿಲ್ಲ.